ಶೈಲಾಳ ಕುಬಸದ ಬುತ್ತಿ

ನಮ್ಮ ಮನೆಯಲ್ಲಿ ರೊಟ್ಟಿ ಬಡಿಯುವವರು ಇಬ್ಬರಿದ್ದೆವು. ಒಬ್ಬಳು ಜರ್ಮನಿಗೆ ಹೋದಳು, ಉಳಿದವಳು ನಾನು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕೆಂದರೆ ಸುದ್ದಿ ಕೇಳಿದವರೆಲ್ಲ, "ಪಾಪ, ಆ ಹುಡುಗಿ ಅಷ್ಟು ದೂರ ಒಬ್ಬಾಕಿನ ಹ್ಯಾಂಗ ಇರ್ತಾಳೋ" ಎನ್ನುತ್ತಾರೆ. ಇಲ್ಲಿ ದಿನಾ ಬೆಳಗ್ಗೆ ಒಬ್ಬಳೇ ಅಷ್ಟು ಹಿಟ್ಟು ನಾದುವವಳನ್ನು ಪಾಪ ಎಂದವರು ಇದುವರೆಗೆ ಯಾರೂ ಇಲ್ಲ.

ನಾನು ರಾಜೇಶ್ವರಿ, ನರಗುಂದದ ಪ್ರಭುಲಿಂಗಪ್ಪನವರ ಹಿರಿಯ ಸೊಸೆ. ಮಾವನವರಿಗೆ ಬಜಾರದಲ್ಲಿ ಕಡಲೆ, ಜೋಳದ ವ್ಯಾಪಾರ. ನಮ್ಮ ಮನೆಯವರು ಹೊಲ ನೋಡುತ್ತಾರೆ, ಮೈದುನ ಮುತ್ತಣ್ಣ ಅಂಗಡಿ ನೋಡುತ್ತಾನೆ. ಮುತ್ತಣ್ಣನ ಹೆಂಡತಿಯೇ ಶೈಲಶ್ರೀ, ನನ್ನ ನೆಗೆಣ್ಣಿ. ಹೊಳೆಮಣ್ಣೂರಿನ ಹುಡುಗಿ. ಹುಬ್ಬಳ್ಳಿಯಲ್ಲಿ ಮನೆ ಕಟ್ಟಿಸುವ ಓದು ಓದಿದವಳು. ಮದುವೆಯಾಗಿ ಬಂದ ಮೇಲೆ ನಮ್ಮ ಓಣಿಯ ಅರ್ಧ ಮನೆಗಳಿಗೆ ನಕ್ಷೆ ಹಾಕಿಕೊಟ್ಟಿದ್ದಾಳೆ. ಮದುವೆಯಾಗಿ ಮೂರು ವರ್ಷವಾದರೂ ಮಕ್ಕಳಾಗಿರಲಿಲ್ಲ. ಅಂಥದರಲ್ಲಿ ಜರ್ಮನಿಯ ಒಂದು ಕಾಲೇಜು, ಖರ್ಚೆಲ್ಲ ಕಾಲೇಜಿನದೇ, ಎರಡು ವರ್ಷ ಬಂದು ಓದು ಎಂದು ಕರೆಯಿತು.

ಮುತ್ತಣ್ಣ ಹೂಂ ಅಂದ. ಮಾವನವರೂ ನಾಲ್ಕು ದಿನ ಸುಮ್ಮನಿದ್ದು, "ಅಷ್ಟು ದೂರದವ್ರು ಕರದಾರಂದ್ರ ಹುಡುಗಿ ಶಾಣ್ಯಾಕಿನ ಇರಬೇಕು, ಹೋಗಿ ಬರ್ಲಿ ಬಿಡು" ಅಂದರು. ಒಪ್ಪದವರು ಅತ್ತೆ ಕಳಕವ್ವ ಒಬ್ಬರೇ.

"ಮನಿ ಕಟ್ಟೋದು ಕಲಿಯಾಕ ಇದ್ದ ಮನಿ ಬಿಟ್ಟು ಹೋಗಬೇಕಾ?" ಎಂದರು.

"ಬಿಟ್ಟು ಹೋಗಂಗಿಲ್ರಿ ಅತ್ತೀ, ಓದಿ ಬರ್ತೀನ್ರಿ" ಎಂದಳು ಶೈಲಾ.

"ಬರೂತನಾ ನನ್ನ ಮಗಾ ಏನ್ ಮಾಡಬೇಕು?"

"ಅಂಗಡಿ ನೋಡ್ತೀನಿ ಬೇ ಯವ್ವಾ. ಮತ್ತೇನ್ ಮಾಡ್ಲಿ?" ಎಂದ ಮುತ್ತಣ್ಣ.

ಅತ್ತೆ ಅವನನ್ನು ನೋಡಿದ ನೋಟಕ್ಕೆ ಅವನು ಚಪ್ಪಲಿ ಮೆಟ್ಟಿ ಅಂಗಡಿಗೆ ಹೊರಟೇಬಿಟ್ಟ. ಚೌತಿಯ ಗಣಪ್ಪನನ್ನು ಕಳಿಸಿದ ಮೇಲೆ ಶೈಲಾಳನ್ನೂ ಕಳಿಸಿದೆವು. ಕಾಲಿಗೆ ಬಿದ್ದಾಗ ಅತ್ತೆ ತಲೆ ಮೇಲೆ ಕೈಯಿಟ್ಟರು, ಆದರೆ ಮಾತಾಡಲಿಲ್ಲ.

ಆಮೇಲೆ ಶುರುವಾಯಿತು ನನ್ನ ಪಾಡು. ಹೊಲಕ್ಕೆ ಬುತ್ತಿ, ಅಂಗಡಿಗೆ ಡಬ್ಬಿ, ಮಾವನವರಿಗೆ ಮೆತ್ತನ್ನ ರೊಟ್ಟಿ, ಅತ್ತೆಗೆ ಖಡಕ್ ರೊಟ್ಟಿ. ಶೈಲಾ ಇದ್ದಾಗ ನಾನು ಬಡಿದರೆ ಅವಳು ಬೇಯಿಸುತ್ತಿದ್ದಳು, ನಡುವೆ ಅಷ್ಟೊಂದು ಹರಟೆಯೂ ಆಗುತ್ತಿತ್ತು. ಈಗ ಬಡಿಯುವುದೂ ನಾನೇ, ಬೇಯಿಸುವುದೂ ನಾನೇ. ಹರಟೆ ಮಾತ್ರ ಒಬ್ಬಳೇ ಹೊಡೆಯಲು ಬರುವುದಿಲ್ಲ ನೋಡಿ. ಖರೇ ಹೇಳುತ್ತೇನೆ, ನನಗೆ ಅವಳ ಮೇಲೆ ಸಿಟ್ಟೂ ಬರುತ್ತಿತ್ತು, ಅವಳ ನೆನಪೂ ಆಗುತ್ತಿತ್ತು.

ಸಂಜೆ ಚಹಾದ ಹೊತ್ತಿಗೆ ಅವಳ ವಿಡಿಯೋ ಫೋನು ಬರುತ್ತಿತ್ತು. ಅಂಗಡಿಯಿಂದ ಬಂದ ಮುತ್ತಣ್ಣ ಮೊದಲು ಹೊರಗೆ ಕಟ್ಟೆಯ ಮೇಲೆ ಕೂತು ಮಾತಾಡಿ, ಆಮೇಲೆ ಫೋನು ತಂದು ನನ್ನ ಕೈಗೆ ಕೊಡುತ್ತಿದ್ದ. ಅತ್ತೆ ಮಾತ್ರ ಒಂದು ದಿನವೂ ಫೋನಿನ ಮುಂದೆ ಬರಲಿಲ್ಲ. ಆ ಹೊತ್ತಿಗೆ ಸರಿಯಾಗಿ ಮೊರ ತಗೊಂಡು ಹೊಸ್ತಿಲ ಹತ್ತಿರ ಕೂತು ಜೋಳ ಹಸನು ಮಾಡುತ್ತಿದ್ದರು. ಮಾಡಿದ ಜೋಳವನ್ನೇ ಮತ್ತೆ ಮಾಡುತ್ತಿದ್ದರೆಂದು ನನಗೆ ಗುಮಾನಿ.

ಒಂದು ದಿನ ಶೈಲಾ ಫೋನಿನಲ್ಲಿ ಒಂದು ನಕ್ಷೆ ತೋರಿಸಿದಳು. ಅದು ನಮ್ಮದೇ ಮನೆ. ಪಡಸಾಲೆ, ಅಡುಗೆಮನೆ, ಕಡಲೆ ಚೀಲ ಒಟ್ಟುವ ಖೋಲಿ, ಹಿತ್ತಲ ಬಚ್ಚಲು, ಎಲ್ಲ ಇತ್ತು. ಮೂರು ತಲೆಮಾರು ಕೂಡಿ ಇರುವ ಒಂದು ಮನೆ ಹೇಗಿರಬೇಕು ಎಂದು ಹೊಸದಾಗಿ ಕಟ್ಟಿ ತೋರಿಸಿರಿ ಅಂತ ಅಲ್ಲಿಯ ಮೇಡಂ ಹೇಳಿದ್ದರಂತೆ.

"ಅಕ್ಕಾ, ನಮ್ಮ ಮೇಡಂ ಒಂದ್ ಪ್ರಶ್ನೆ ಕೇಳಿದ್ರು. ನನಗ ಉತ್ತರ ಹೊಳೀಲಿಲ್ಲ" ಎಂದಳು. "ಈ ಮನ್ಯಾಗ ಒಬ್ರು ಅಳಬೇಕಂದ್ರ ಎಲ್ಲಿ ಹೋಗಿ ಅಳಬೇಕು ಅಂದ್ರು."

ನಾನು ನಕ್ಕುಬಿಟ್ಟೆ. "ಇದನ್ನ ಕೇಳಾಕ ಅಷ್ಟು ದೂರ ಹೋಗಬೇಕಾಗಿತ್ತೇನ? ಬಚ್ಚಲದಾಗ. ನೀರು ಜೋರ್ ಬಿಟ್ಟಕೊಂಡ್ರ ಯಾರಿಗೂ ಕೇಳಂಗಿಲ್ಲ."

"ನೀವು ಹಂಗ ಅಳ್ತೀರೇನ್ರಿ ಅಕ್ಕಾ?"

"ನೀ ಅತ್ತಿಲ್ಲೇನು?"

"ಅತ್ತೀನ್ರಿ" ಎಂದಳು. ಆಗ ಹೊಸ್ತಿಲ ಕಡೆಯಿಂದ, ಮೊರದೊಳಗಿನ ಜೋಳಕ್ಕೆ ಹೇಳಿದಂತೆ ಅತ್ತೆಯ ದನಿ ಬಂತು.

"ನಾ ಕಡ್ಲಿ ಚೀಲದ ಖೋಲ್ಯಾಗ ಅಳತಿದ್ದೆ. ನಮ್ಮ ಕಾಲಕ್ಕ ಬಚ್ಚಲಕ್ಕ ಬಾಗಲಾ ಇರ್ಲಿಲ್ಲ."

ಅಷ್ಟು ಹೇಳಿ ಅತ್ತೆ ಮೊರ ಕುಟ್ಟಿ ಎದ್ದು ಹೋದರು. ಶೈಲಾ ಮಾತ್ರ ಆ ಮಾತನ್ನು ಬಿಡಲಿಲ್ಲ. ಆ ಹೊಸ ಮನೆಯಲ್ಲಿ ಹೆಣ್ಣುಮಕ್ಕಳಿಗೆ ಬಾಗಿಲು ಹಾಕಿಕೊಳ್ಳುವ ಒಂದು ಸಣ್ಣ ಖೋಲಿ ಇಟ್ಟಳಂತೆ, ಹಿತ್ತಲ ಕಡೆ ಕಿಟಕಿ ಮಾಡಿ.

ಸಂಕ್ರಾಂತಿಯ ಹೊತ್ತಿಗೆ ಗಜೇಂದ್ರಗಡದಿಂದ ರೇಣುಕವ್ವ ಫೋನು ಹಚ್ಚಿದಳು. ರೇಣುಕವ್ವ ಎಂದರೆ ಅತ್ತೆಯ ತಂಗಿ. ಬಾಯಿ ದೊಡ್ಡದು, ಕೈ ಅದಕ್ಕಿಂತ ದೊಡ್ಡದು. ಯಾರ ಮನೆಗೂ ಬರಿಗೈಲಿ ಹೋದವಳಲ್ಲ.

"ರಾಜೀ, ಶೈಲಾ ಏನ್ ಬಯಸ್ತಾಳವಾ? ಹುಳಿನೋ, ಸಿಹಿನೋ?"

"ಯಾಕ್ರಿ ಚಿಗವ್ವಾ?"

"ಯಾಕಂತಿ! ಬಸುರಿ ಬಯಕಿ ಕೇಳಬಾರ್ದೇನ? ನಿಮ್ಮತ್ತಿ ದೀಪಾವಳ್ಯಾಗನ ಹೇಳ್ಯಾಳ. ತವರಿಗೆ ಹೋಗ್ಯಾಳಂತ, ಡಾಕ್ಟರ್ ಫೋನ್ ಹಿಡಿಬ್ಯಾಡ ಅಂದಾರಂತ. ಹೊಟ್ಟಿಕಿಚ್ಚಿನ ಮಂದಿ ಕಣ್ಣು ತಾಗ್ತೈತಿ ಅಂತ ನಾನೂ ಯಾರ ಮುಂದೂ ಬಾಯಿ ಬಿಟ್ಟಿಲ್ಲ ನೋಡು."

ಬಾಯಿ ಬಿಟ್ಟಿಲ್ಲ ಎಂದರೆ ಗಜೇಂದ್ರಗಡ, ರೋಣ, ರಾಜೂರಿಗೆಲ್ಲ ಗೊತ್ತಾಗಿದೆ ಎಂದೇ ಅರ್ಥ. ನಾನು ಏನೋ ತೊದಲಿ ಫೋನಿಟ್ಟು ಸೀದಾ ಹಿತ್ತಲಿಗೆ ಹೋದೆ. ಅತ್ತೆ ಅಲ್ಲಿ ಹುಣಸೆಹಣ್ಣಿನ ಬೀಜ ತೆಗೆಯುತ್ತಿದ್ದರು.

"ಅತ್ತೀ, ಶೈಲಾ ಬಸುರಿ ಅದಾಳಂತ ಹೇಳೀರೇನ್ರಿ?"

"ನಾ ಎಲ್ಲಿ ಹೇಳೀನಿ? ಮೈಯಾಗ ಚಲೋ ಇಲ್ಲ, ತವರಿಗೆ ಹೋಗ್ಯಾಳ ಅಂದೆ. ಅಕಿ ತಿಳಕೊಂಡ್ರ ನಾ ಏನ್ ಮಾಡ್ಲಿ?"

"ತಿಳಕೊಳ್ಳಾಕ ಬಿಟ್ರಲ್ರಿ!"

"ಮತ್ತೇನಂತ ಹೇಳ್ಲಿ?" ಅತ್ತೆಯ ಕಣ್ಣು ಕೆಂಪಾಗಿತ್ತು. "ಮೂರ್ ವರ್ಷ ಆದ್ರೂ ಮಕ್ಕಳಾಗ್ಲಿಲ್ಲ, ಗಂಡನ್ನ ಬಿಟ್ಟು ದೇಶ ದಾಟಿ ಹೋದ್ಲು ಅಂತ ಹೇಳ್ಲೇನ? ಅದನ್ನ ಕೇಳಿದ ಮಂದಿ ಓದಾಕ ಹೋದ್ಲು ಅಂತ ನಂಬತಾರೇನ? ಅಕಿಗೂ ಕೆಟ್ಟ ಹೆಸರು, ನನ್ನ ಮಗಗೂ ಕೆಟ್ಟ ಹೆಸರು."

"ಏಳನೇ ತಿಂಗಳಾಗ ಕುಬಸ ಮಾಡಿ ಉಡಿ ತುಂಬಾಕ ಬರ್ತಾರಲ್ರಿ, ಆವಾಗ ಏನ್ ಮಾಡ್ತೀರಿ?"

"ಅದಕ್ಕ ಇನ್ನೂ ಹೊತ್ತೈತಿ. ಅಷ್ಟರಾಗ ಅಕಿನ್ನ ಕರಸಾಕ ಹೇಳ್ತೀನಿ."

ಅಂದು ಊಟಕ್ಕೆ ಕೂತಾಗ ಅತ್ತೆ ಮುತ್ತಣ್ಣನ ತಾಟಿಗೆ ಜುಣಕ ಹಾಕುತ್ತ ಮಾತು ತೆಗೆದರು. ಶೈಲಾಗೆ ಫೆಬ್ರವರಿಯಲ್ಲಿ ರಜೆ ಬರುತ್ತದೆ ಎಂದು ಎಲ್ಲರಿಗೂ ಗೊತ್ತಿತ್ತು.

"ರಜಾಕ್ಕ ಅಕಿನ್ನ ಕರಸು. ಬಂದಾಕಿ ಮತ್ತ ಹೋಗೋದು ಬ್ಯಾಡ."

"ಯಾಕ ಬೇ?"

ಅತ್ತೆ ಹೇಳಿದರು. ಮುತ್ತಣ್ಣನ ಕೈಯ ತುತ್ತು ಕೈಯಲ್ಲೇ ಉಳಿಯಿತು. ಮಾವನವರು, "ಏನ್ ಮಾಡಿಟ್ಟೀ ಕಳಕವ್ವಾ" ಎಂದು ತಲೆ ಕೆಳಗೆ ಹಾಕಿದರು.

"ಆಗಿದ್ದು ಆತು" ಎಂದರು ಅತ್ತೆ. "ಅಕಿ ಬಂದು ಮನ್ಯಾಗಿದ್ರ ಸುಳ್ಳ ತಾನ ಖರೇ ಆಕ್ಕೈತಿ. ಒಂದೆರಡ್ ತಿಂಗಳು ಹಿಂದ ಮುಂದ ಆದ್ರ ಯಾರ್ ಕೇಳ್ತಾರ?"

"ಯವ್ವಾ, ಅದೇನು ಕಡ್ಲಿ ಚೀಲಾ ಏನ, ಇವತ್ತು ಬಾ ಅಂದ್ರ ನಾಳೆ ಬರಾಕ?"

ಮಾವನವರಿಗೆ ಮಜ್ಜಿಗೆ ನೆತ್ತಿಗೇರಿತು. ನಮ್ಮ ಮನೆಯವರು ಅವರ ಬೆನ್ನು ತಟ್ಟುತ್ತ ನಗು ತಡೆದರು. ಅತ್ತೆ ಮಾತ್ರ ನಗಲಿಲ್ಲ. ಜುಣಕದ ಪಾತ್ರೆ ಅಲ್ಲೇ ಇಟ್ಟು ಎದ್ದು ಹೋದರು. ಮರುದಿನದಿಂದ ಮುತ್ತಣ್ಣನ ಜೊತೆ ಮಾತು ಬಂದ್. ಅಂಗಡಿಯ ಡಬ್ಬಿಯನ್ನು ನಾನೇ ಕೊಡಬೇಕು, ಅವನು ಕೇಳಿದ್ದಕ್ಕೆ ಉತ್ತರವನ್ನೂ ನಾನೇ ಹೇಳಬೇಕು. ಎದುರಿಗೆ ಮಗ ನಿಂತಿದ್ದರೂ ಅತ್ತೆ, "ರಾಜೀ, ಅಂವಗ ಹೇಳು, ಚಹಾ ಆರಾಕ ಹತ್ತೈತಿ ಅಂತ" ಎನ್ನುತ್ತಿದ್ದರು. ತಾಯಿ ಮಗನ ನಡುವೆ ನಾನು ಟಪಾಲು ಹಂಚುವವಳಾದೆ.

ಕಡಲೆಯ ಸುಗ್ಗಿ ಬಂತು. ಅಂಗಡಿಯಲ್ಲಿ ಉಸಿರು ಬಿಡಲೂ ಪುರಸೊತ್ತಿಲ್ಲ. ಮುತ್ತಣ್ಣ ದಿನದಿಂದ ದಿನಕ್ಕೆ ಸೊರಗಿದ. ಒಂದು ಸಂಜೆ ಕಟ್ಟೆಯ ಮೇಲೆ ಕೂತು ಎಲ್ಲವನ್ನೂ ಶೈಲಾಗೆ ಹೇಳಿಬಿಟ್ಟ. ಆಮೇಲೆ ಒಳಗೆ ಬಂದು, "ವೈನೀ, ನೀವರ ಮಾತಾಡ್ರಿ" ಎಂದು ಫೋನು ನನ್ನ ಕೈಗಿಟ್ಟು ಮುಖ ತೊಳೆಯಲು ಹೋದ. ಬಚ್ಚಲಲ್ಲಿ ನೀರು ಭಾಳ ಹೊತ್ತು ಸುರಿಯಿತು.

ಫೋನಿನೊಳಗೆ ಶೈಲಾಳ ಮುಖ ಬಾಡಿತ್ತು. ಅವಳ ಹಿಂದೆ ಮೇಜಿನ ಮೇಲೆ ರಟ್ಟು ಕತ್ತರಿಸಿ ಅಂಟಿಸಿದ ಮನೆ, ಅರ್ಧ ಆಗಿತ್ತು. ಅಲ್ಲಿ ಪರೀಕ್ಷೆ ಎಂದರೆ ಬರೀ ಬರೆಯುವುದಲ್ಲವಂತೆ. ನಕ್ಷೆಗಳನ್ನು ಗೋಡೆಗೆ ಹಚ್ಚಿ, ರಟ್ಟಿನ ಮನೆ ಮುಂದಿಟ್ಟುಕೊಂಡು, ಮಾಸ್ತರರು ಕೇಳಿದ್ದಕ್ಕೆಲ್ಲ ನಿಂತು ಉತ್ತರ ಹೇಳಬೇಕಂತೆ. ಮೊದಲ ಸಲ ಕಟ್ಟಿದ್ದು ಸರಿಯಿಲ್ಲ ಎಂದು ಕಳಿಸಿದ್ದರು. ಇದು ಎರಡನೆಯದು.

"ಅಕ್ಕಾ, ನಾ ಬಂದುಬಿಡ್ತೀನ್ರಿ."

"ರಜಾಕ್ಕೇನ?"

"ಎಲ್ಲಾ ಬಿಟ್ಟು ಬರ್ತೀನ್ರಿ. ಈ ಪರೀಕ್ಷೆ ಒಂದು ಕೊಡ್ತೀನಿ, ಮುಂದಿಂದು ಬ್ಯಾಡ. ಅತ್ತಿ ಮಂದಿ ಮುಂದ ತಲಿ ತಗ್ಗಸಬಾರ್ದು. ಅವರು ನನ್ನ ಹೆಸರು ಉಳಸಾಕ ಸುಳ್ಳ ಹೇಳ್ಯಾರ. ನನ್ನ ಬೈದುಕೊಂಡು ತಿರುಗಿದ್ರ ಚಲೋ ಇತ್ತು, ಹಂಗ ಮಾಡಿಲ್ಲಲ್ರಿ."

ಅವಳು ಬಂದರೆ ನನ್ನ ಕೈಗೆ ಆಸರೆಯಾಗುತ್ತಾಳೆ. ಆದರೆ ಆ ಅರ್ಧ ಕಟ್ಟಿದ ರಟ್ಟಿನ ಮನೆ ನೋಡಿ ಬಾ ಎನ್ನಲು ಮನಸ್ಸು ಬರಲಿಲ್ಲ. "ಲಗೂ ಮಾಡಬ್ಯಾಡ, ಪರೀಕ್ಷೆ ಮುಗೀಲಿ" ಎಂದಷ್ಟೇ ಹೇಳಿದೆ. ಪರೀಕ್ಷೆಯ ಮರುದಿನ ಬೆಳಗ್ಗೆ ಫೋನು ಮಾಡುತ್ತೇನೆ, ಬರಲು ಯಾವ ದಿನ ಚಲೋ ಎಂದು ಅತ್ತೆಯನ್ನು ಕೇಳಿಟ್ಟಿರಿ, ಆ ದಿನಕ್ಕೇ ಟಿಕೆಟ್ ತೆಗೆಯುತ್ತೇನೆ ಎಂದಳು.

ಅತ್ತೆಗೆ ಹೇಳಿದೆ. ಗೆದ್ದವರ ಮುಖ ಅದಾಗಿರಲಿಲ್ಲ. "ತಾನ ಬರ್ತೀನಿ ಅಂದ್ಲೇನ?" ಎಂದು ಎರಡು ಸಲ ಕೇಳಿದರು. ಮಗನೊಂದಿಗೆ ಮಾತಾಡಲು ಶುರು ಮಾಡಿದರು. ಆದರೆ ಊಟ ಕಡಿಮೆಯಾಯಿತು.

ಪುಷ್ಯಮಾಸ ಕಳೆಯಿತು. ಅವಳು ಫೋನು ಮಾಡುತ್ತೇನೆಂದಿದ್ದ ಬೆಳಗ್ಗೆ, ನಾನು ರೊಟ್ಟಿ ಬಡಿಯುತ್ತಿದ್ದೆ. ಬಾಗಿಲಲ್ಲಿ ಟಂಟಂ ಗಾಡಿ ನಿಂತ ಸಪ್ಪಳ. ಹಣಿಕಿ ನೋಡಿದರೆ ರೇಣುಕವ್ವ! ಹಿಂದೆ ಅವಳ ಇಬ್ಬರು ಸೊಸೆಯರು, ತಲೆ ಮೇಲೆ ಬಿಳಿ ಬಟ್ಟೆ ಕಟ್ಟಿದ ಬುತ್ತಿಯ ಬುಟ್ಟಿಗಳು.

ಆಗ ನನಗೆ ಹೊಳೆಯಿತು. ಏಳನೆಯ ತಿಂಗಳ ಕುಬಸದ ಲೆಕ್ಕ ಹಾಕುತ್ತ ಕೂತಿದ್ದ ನಾವು ಕಳ್ಳ ಕುಬಸವನ್ನು ಮರೆತೇಬಿಟ್ಟಿದ್ದೆವು. ಐದನೆಯ ತಿಂಗಳಲ್ಲಿ ಹತ್ತಿರದ ಹೆಣ್ಣುಮಕ್ಕಳು ಬುತ್ತಿ ಕಟ್ಟಿಕೊಂಡು ಬಂದು, ಬಸುರಿಗೆ ಹಸಿರು ಕುಬಸ ತೊಡಿಸಿ, ಉಡಿ ತುಂಬಿ ಹೋಗುತ್ತಾರೆ. ಅದಕ್ಕೆ ಕಳ್ಳ ಕುಬಸ ಎನ್ನುವುದೇ ಹೇಳದೆ ಬರುತ್ತಾರೆಂದು.

"ಎಲ್ಲದಾಳ ನಮ್ಮ ಬಸುರಿ?" ರೇಣುಕವ್ವ ಪಡಸಾಲೆ ತುಂಬ ನಕ್ಕಳು. "ತವರಾಗಿದ್ರ ಗಾಡಿ ಕಳಿಸಿ ಕರಸ್ರಿ. ಹೊಳೆಮಣ್ಣೂರೇನು ದೂರಿಲ್ಲ. ಶೇಂಗಾ ಹೋಳಿಗಿ ಮಾಡೀನಿ, ಸಜ್ಜಿ ರೊಟ್ಟಿ, ಎಣ್ಣಿಗಾಯಿ, ಕರ್ಚಿಕಾಯಿ ಎಲ್ಲಾ ತಂದೀನಿ. ಕುಬಸಕ್ಕ ಗುಳೇದಗುಡ್ಡದ ಖಣಾ ನೋಡು ರಾಜೀ, ಹಸರು ಹೆಂಗ ಹೊಳೀತೈತಿ!"

ಅತ್ತೆ ಅಡುಗೆಮನೆಯಲ್ಲಿ ಗೋಡೆ ಹಿಡಿದು ನಿಂತಿದ್ದರು. "ರಾಜೀ, ದವಾಖಾನಿಗೆ ಹೋಗ್ಯಾಳ ಅಂತ ಹೇಳಿಬಿಡು" ಎಂದು ಪಿಸುಗುಟ್ಟಿದರು.

"ನಾ ಹೇಳಂಗಿಲ್ರಿ" ಎಂದೆ.

"ನಿನ್ನ ಕಾಲ ಬೀಳ್ತೀನಿ."

"ಅಯ್ಯ, ಏನಂತ ಮಾತಾಡ್ತೀರಿ! ಬಿದ್ರೂ ಹೇಳಂಗಿಲ್ರಿ. ಒಂದ್ ಸುಳ್ಳಿಗೆ ಅಕಿ ಓದು ಹೋತು. ಇನ್ನೊಂದಕ್ಕ ಏನ್ ಹೋಗಬೇಕು?"

ಅಷ್ಟರಲ್ಲಿ ನನ್ನ ಫೋನು ಬಡಿದುಕೊಂಡಿತು. ನನ್ನ ಕೈ ತುಂಬ ಹಿಟ್ಟು. ಮೊಣಕೈಯಿಂದ ಒತ್ತಿ ಡಬ್ಬಿಗೆ ಒರಗಿಸಿಟ್ಟೆ. ಶೈಲಾಳ ಊರಲ್ಲಿ ಇನ್ನೂ ಬೆಳಕು ಹರಿದಿರಲಿಲ್ಲ. ದೀಪದ ಕೆಳಗೆ ಕೂತಿದ್ದಳು.

"ಅಕ್ಕಾ, ಅತ್ತಿ ಯಾವ ದಿನ ಅಂದ್ರು? ಈಗ ಟಿಕೆಟ್ ತಗೀತೀನ್ರಿ."

"ಪರೀಕ್ಷೆ ಏನಾತು?"

"ಆತ್ರಿ." ಅವಳು ತುಸು ನಕ್ಕಳು. "ಭಾಳ ಚಲೋ ಐತಿ ಅಂದ್ರು. ಆ ಸಣ್ಣ ಖೋಲಿ ಇಟ್ಟಿದ್ನಲ್ರಿ, ಅದರ ಮುಂದ ನಿಂತು ಮೇಡಂ ಭಾಳ ಹೊತ್ತು ಮಾತಾಡಿದ್ರು. ಇದನ್ನ ಮುಂದ ದೊಡ್ಡದು ಮಾಡು, ನಾ ಜೋಡಿ ಇರ್ತೀನಿ ಅಂದ್ರು. ನಾ ಏನೂ ಹೇಳ್ಲಿಲ್ಲ. ಇರ್ಲಿ ಬಿಡ್ರಿ. ದಿನಾ ಯಾವುದಂತ?"

ನಾನು ಅತ್ತೆಯ ಕಡೆ ನೋಡಿದೆ. ಅವರು ಸೆರಗಿನಿಂದ ಮುಖ ಒರೆಸಿಕೊಂಡರು. ಇದುವರೆಗೆ ಮುಟ್ಟದ ಆ ಫೋನನ್ನು ಹಿಟ್ಟಿನ ಸಮೇತ ಎತ್ತಿಕೊಂಡು ಸೀದಾ ಪಡಸಾಲೆಗೆ ನಡೆದರು. ನಾನು ಕೈ ಝಾಡಿಸುತ್ತ ಹಿಂದೆ ಓಡಿದೆ.

"ರೇಣುಕಾ" ಎಂದರು, "ಅಕಿ ಬಸುರಿಲ್ಲ."

ರೇಣುಕವ್ವ ಎದೆ ಹಿಡಿದಳು. "ಹೋತೇನ ಯಕ್ಕಾ?"

"ಹೋಗಾಕ ಆಗೇ ಇರ್ಲಿಲ್ಲ. ತವರಿಗೂ ಹೋಗಿಲ್ಲ ಅಕಿ. ಜರ್ಮನ್ಯಾಗ ಅದಾಳ. ಮನಿ ಕಟ್ಟಸೂದನ್ನ ಓದಾಕ ಹೋಗ್ಯಾಳ. ಇಕಾ, ಇಲ್ಲಿ ಅದಾಳ ನೋಡು. ಮಂದಿ ಏನಂತಾರೋ ಅಂತ ಅಂಜಿ ಸುಳ್ಳ ಹೇಳಿದಾಕಿ ನಾನು. ಅಕಿದೇನೂ ತಪ್ಪಿಲ್ಲ, ನನ್ನ ಮಗಂದೂ ತಪ್ಪಿಲ್ಲ."

ರೇಣುಕವ್ವನ ದನಿ ಮೆಲ್ಲಗೆ ಏರಿತು.

"ಕೈ ಸುಟ್ಟುಕೊಂಡು ಹೋಳಿಗಿ ಮಾಡೀನಲ್ಲ! ದೇವರಿಗೆ ಹರಕಿ ಬ್ಯಾರೆ ಹೊತ್ತೀನಿ! ಒಡಹುಟ್ಟಿದಾಕಿಗೆ ಸುಳ್ಳ ಹೇಳ್ತೀಯೇನಬೇ?"

"ಹೇಳಿದೆ. ಬೈ ನೀನು, ಎಷ್ಟ ಬೈತೀ ಬೈ. ಆಮ್ಯಾಲ ಕುಂತು ಬೈಸ್ಕೋತೀನಿ. ಈಗ ಸ್ವಲ್ಪ ಸುಮ್ಮನಿರು, ಸೊಸಿ ಜೋಡಿ ಮಾತಾಡೂದೈತಿ."

ಅತ್ತೆ ಫೋನನ್ನು ಮುಖದ ಹತ್ತಿರಕ್ಕೆ ತಂದರು. ಶೈಲಾ ಆ ಕಡೆ ಬಾಯಿಗೆ ಕೈ ಮುಚ್ಚಿ ಕೂತಿದ್ದಳು.

"ನೀ ಕಟ್ಟಿದ ಮನಿ ಚಲೋ ಐತಿ ಅಂದ್ರಂತಲ್ಲ."

"ಹೂಂನ್ರಿ ಅತ್ತೀ."

"ಮತ್ತ ಅರ್ಧಕ್ಕ ಬಿಟ್ಟು ಬರ್ತೀನಂತೀಯಲ್ಲ, ಹುಚ್ಚಿ ಅದೀಯೇನ? ನನ್ನ ಮಾರಿ ಉಳಸಾಕ ನೀ ಕೈಯಾಗಿಂದು ಚೆಲ್ಲಿ ಬರೋದಾ? ನನ್ನ ಮಾರಿಗೇನಾಗೈತಿ? ಇಷ್ಟು ದಿನ ಹೆಂಗಿತ್ತೋ ಹಂಗ ಐತಿ."

"ಅತ್ತೀ, ಮಂದಿ..."

"ಮಂದಿಗೆ ನಾ ಅದೀನಿ. ಕೂಸು ಆದಾಗ ಆಕ್ಕೈತಿ, ಇಲ್ಲಂದ್ರ ಇಲ್ಲ. ಕೇಳಿಲ್ಲೆ, ರಜಾಕ್ಕ ಬೇಕಾರ ಬಾ, ಉಂಡು ಹೋಗು. ಓದು ಮುಗಿಸದ ಪೆಟಗಿ ತಗೊಂಡು ಬಂದೀ ಅಂದ್ರ ನಾ ಬಾಗಲಾ ತಗ್ಯಂಗಿಲ್ಲ. ತಿಳೀತಿಲ್ಲೋ?"

ಶೈಲಾ ತಲೆಯಾಡಿಸಿದಳು. ಅಳುತ್ತಿದ್ದಳು, ನಾನೂ ಅಳುತ್ತಿದ್ದೆ, ಹಿಟ್ಟಿನ ಕೈಯಿಂದ ಮೂಗು ಒರೆಸಿಕೊಂಡು ಮುಖವೆಲ್ಲ ಬೆಳ್ಳಗಾಯಿತು. ಅತ್ತೆಗೆ ಫೋನು ಬಂದ್ ಮಾಡಲು ಬರಲಿಲ್ಲ, ನನ್ನ ಕಡೆ ಚಾಚಿದರು. ನಾನು ಬಂದ್ ಮಾಡಿದೆ.

ರೇಣುಕವ್ವ ಸೆಡೆತು ಕೂತಿದ್ದಳು. ಅಂಗಡಿಯಿಂದ ಬಂದ ಮಾವನವರು ಸಂಗತಿ ಕೇಳಿ ಪಡಸಾಲೆಯಲ್ಲಿ ಕೂತು, "ಬುತ್ತಿ ಬಿಚ್ಚವಾ ರೇಣುಕಾ, ಹಸಿವ್ಯಾಗೈತಿ" ಎಂದರು. ಮಾವನವರು ಹಾಗೆಂದ ಮೇಲೆ ಬಿಚ್ಚದೆ ಏನು ಮಾಡುತ್ತಾಳೆ? ಎಲ್ಲರೂ ಉಂಡೆವು. ಅತ್ತೆ ತಂಗಿಯ ಬೈಗುಳ ತಿನ್ನುತ್ತ ಉಂಡರು. ಮುತ್ತಣ್ಣ ಬಂದವನು ತಾಯಿಯ ಪಕ್ಕಕ್ಕೇ ತಾಟು ಸರಿಸಿಕೊಂಡು ಕೂತ, ಅವನ ತಾಟಿಗೆ ಅತ್ತೆ ಕೇಳದೆಯೇ ತುಪ್ಪ ಸುರಿದರು. ಕೈ ತೊಳೆಯುವಾಗ ರೇಣುಕವ್ವ ನನ್ನ ಕಿವಿಯ ಹತ್ತಿರ ಬಂದು, "ಈ ಹೋಳಿಗಿ ಕೆಡಂಗಿಲ್ಲವಾ, ಆ ದೇಶಕ್ಕ ಕಳಸಾಕ ಬರ್ತೈತೇನು?" ಎಂದು ಕೇಳಿದಳು. ಬರುತ್ತದೆ ಎಂದೆ. ಹಸಿರು ಖಣವನ್ನು ಅವಳು ವಾಪಸ್ಸು ಒಯ್ಯಲಿಲ್ಲ.

ಅವರ ಗಾಡಿ ಹೋದ ಮೇಲೆ ಮನೆ ತಣ್ಣಗಾಯಿತು. ನಾನು ಮುಸುರೆ ತಿಕ್ಕಲು ಕೂತೆ. ಅತ್ತೆ ಬಂದು ಪಕ್ಕದಲ್ಲಿ ಕೂತು ಒಂದೆರಡು ಲೋಟ ತೊಳೆದರು.

"ರಾಜೀ, ಅಲ್ಲಿ ಈಗ ಎಷ್ಟ ಹೊತ್ತಾಗಿರಬೇಕು?"

"ಮುಂಜಾನಿ ಆಗಿರಬೇಕ್ರಿ. ಕಾಲೇಜಿಗೆ ಹೊರಡೂ ಹೊತ್ತು."

ಅತ್ತೆ ತೊಳೆದ ಲೋಟವನ್ನೇ ಮತ್ತೆ ತೊಳೆದರು.

"ಹೊತ್ತು ಹುಟ್ಟೂದ್ರಾಗ ಬೈದೆ ನೋಡು ಹುಡುಗಿಗೆ. ಬೈಸ್ಕೊಂಡಾಕಿ ಖಾಲಿ ಹೊಟ್ಟೀಲೆ ಹೋಗ್ತಾಳೋ ಏನೋ. ಹಚ್ಚು ಅಕಿಗೆ."

ನಾನು ಕೈ ಒರೆಸಿಕೊಂಡು ಹಚ್ಚಿದೆ. ಅತ್ತೆ ಸೆರಗು ಸರಿ ಮಾಡಿಕೊಂಡು, ಒದ್ದೆ ಕೈಯಲ್ಲೇ ಫೋನು ಇಸಿದುಕೊಂಡರು.

"ಶೈಲಾ, ನಾನವಾ, ನಿಮ್ಮತ್ತಿ. ಏನ್ ತಿಂದೀ?"